ಹಸಿರು ಕೂಲಂಟ್, ತಿಳಿನೀರು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಕಾರಿನ ಬಣ್ಣ ಬೂದಿ ಎಂದು ನನ್ನ ನೆನಪು. ಅಮ್ಮ ತಿಳಿನೀಲಿ ಎನ್ನುತ್ತಾಳೆ. ಹೊಸ ಶತಮಾನದ ಎರಡನೆಯ ವರ್ಷವೋ ಮೂರನೆಯದೋ, ಅದೂ ಖಚಿತವಿಲ್ಲ. ಆಗಲೂ ನಾನು ಡೈರಿ ಬರೆಯುತ್ತಿದ್ದೆ. ಆದರೆ ಆ ಭಾನುವಾರದ ಪುಟದಲ್ಲಿರುವುದು ಒಂದೇ ಸಾಲು: ‘ಕಾರು ಮತ್ತೆ ಕುದಿಯಿತು.’ ಯಾಕೆ ಕುದಿಯಿತು ಎಂದು ಬರೆದಿಲ್ಲ. ಗೊತ್ತಿದ್ದೂ ಬರೆಯಲಿಲ್ಲ ಎಂಬುದು ಮಾತ್ರ ಚೆನ್ನಾಗಿ ನೆನಪಿದೆ.

ಕಾರು ಚಿಕ್ಕಮ್ಮನದು. ಅದಕ್ಕೂ ಮೊದಲು ಚಿಕ್ಕಪ್ಪನದಾಗಿತ್ತು. ಅವರು ತೀರಿಕೊಂಡ ಮೇಲೆ ಅವಳು ಡ್ರೈವಿಂಗ್ ಕಲಿತಳು. ಮೂಡಿಗೆರೆಯಿಂದಾಚೆ ನಾಲ್ಕು ಎಕರೆ ಕಾಫಿ, ಕಳಸದ ಹತ್ತಿರ ಶಾಲೆಯಲ್ಲಿ ಟೀಚರ್ ಕೆಲಸ. ಬಸ್ಸನ್ನು ನಂಬಿದರೆ ವಾರವಿಡೀ ಕಳಸದ ಬಾಡಿಗೆ ಕೋಣೆಯಲ್ಲಿ ಉಳಿಯಬೇಕು. ಕಾರಿದ್ದರೆ ಸಂಜೆ ತನ್ನ ತೋಟಕ್ಕೆ, ತನ್ನ ನಾಯಿಗೆ, ತನ್ನ ಒಲೆಗೆ ಮರಳಬಹುದು. ಆದರೆ ಆ ಕಾರು ಕೊಟ್ಟಿಗೆಹಾರ ದಾಟಿ ಏರು ಹತ್ತುವಾಗಲೆಲ್ಲ ಕುದಿಯುತ್ತಿತ್ತು. ಅವಳ ಅಣ್ಣ, ಅಂದರೆ ನನ್ನ ಮಾವ, ಒಂದು ದಿನ ತೀರ್ಪು ಕೊಟ್ಟರು. “ರಿಪೇರಿ ಮಾಡ್ಸು. ಬರೋ ಭಾನುವಾರ ನಾನೇ ಬಂದು ಕೂತ್ಕತೀನಿ, ಕಳಸಕ್ಕೆ ಹೋಗಣ. ದಾರೀಲಿ ಕುದೀತೋ, ಮಾರಿಬಿಡೋದು. ಹೆಂಗಸು ಒಬ್ಳೇ ಕಾಡಿನ ದಾರೀಲಿ ಬಾನೆಟ್ ಎತ್ಕಂಡು ನಿಲ್ಲೋದು ಬೇಡ.” ಚಿಕ್ಕಮ್ಮ ಒಪ್ಪಿದಳು. ಮಾತು ಕೊಟ್ಟರೆ ತಪ್ಪುವವಳಲ್ಲ.

ರೇಡಿಯೇಟರ್ ಸಣ್ಣಗೆ ಸೋರಿದರೆ ಒಂದು ಹಿಡಿ ಅರಿಶಿನ ಪುಡಿ ಹಾಕುವುದು ಹಳೆಯ ಡ್ರೈವರುಗಳ ಮದ್ದು. ಪುಡಿ ನೆನೆದು ಉಬ್ಬಿ ತೂತು ಮುಚ್ಚಿಕೊಳ್ಳುತ್ತದೆ. ಚಿಕ್ಕಮ್ಮನೂ ವರ್ಷಗಳಿಂದ ಅದನ್ನೇ ಮಾಡುತ್ತಿದ್ದಳು. ಮೂಡಿಗೆರೆಯ ಮೆಕ್ಯಾನಿಕ್ ಮುಚ್ಚಳ ತೆಗೆದು ಮೂಸಿ ನೋಡಿದ.

“ಏನ್ ಟೀಚರೇ ಇದು, ರೇಡಿಯೇಟರೋ ಸಾರಿನ ಪಾತ್ರೆಯೋ? ಒಗ್ಗರಣೆ ಒಂದು ಬಾಕಿ.”

ಅವನು ತೂತಿಗೆ ಬೆಸುಗೆ ಹಾಕಿದ, ಹಲವು ಸಲ ನೀರು ಬಿಟ್ಟು ತೊಳೆದ. ಒಳಗೆ ಅಂಟಿರುವ ಅರಿಶಿನ ಪೂರ್ತಿ ಹೋಗುವುದಿಲ್ಲ, ಇರಲಿ ಅಂದ. ಆಮೇಲೆ ಜೊತೆಗೆ ಹೋಗಿದ್ದ ನನ್ನ ಕಡೆ ತಿರುಗಿ ಹೇಳಿದ್ದು: “ಬರೀ ನೀರು ಹಾಕ್ಬೇಡಿ, ಎಂಜಿನ್ ತಣ್ಣಗಿಡೋ ಕೂಲಂಟ್ ಹಾಕಿ. ಇದು ಹಿತ್ತಾಳೆ ರೇಡಿಯೇಟರ್, ಹಳೇ ಕಾಲದ್ದು, ಹಸಿರೇ ಆಗ್ಬೇಕು. ಕೆಂಪು ಹೊಸ ಗಾಡಿಗೆ. ಎರಡನ್ನೂ ಬೆರೆಸೋಕೆ ಹೋಗ್ಬೇಡಿ, ಗಂಜಿ ಆಗ್ತದೆ. ಅರ್ಧ ಕೂಲಂಟ್, ಅರ್ಧ ಶುದ್ಧ ನೀರು.”

ಚಿಕ್ಕಮಗಳೂರಿನ ಅಂಗಡಿಯಲ್ಲಿ ನನಗೆ ಕೆಂಪನ್ನೇ ಮಾರಲು ನೋಡಿದರು. “ಇದು ತಗೊಳ್ಳಿ, ಐದು ವರ್ಷ ಮುಟ್ಟೋದೇ ಬೇಡ.” ಕಾರು ಈ ಭಾನುವಾರ ದಾಟಿದರೆ ಸಾಕು ಅಂದೆ. ಅವರು ನಕ್ಕು ಹಸಿರು ಡಬ್ಬಿ ಕೊಟ್ಟರು. ಲೇಬಲ್ಲನ್ನು ಬಸ್ಸಿನಲ್ಲಿ ಎರಡು ಸಲ ಓದಿದೆ. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದ್ದೆ, ಮೈಸೂರಿಗೆ ಎಂ.ಎಸ್ಸಿ. ಓದಲು ಹೋಗಬೇಕೆಂದು ಹಟ ಹಿಡಿದಿದ್ದೆ, ಮಾವ ಬೇಡವೆನ್ನುತ್ತಿದ್ದರು. ಸರಿಯಾದ ಡಬ್ಬಿ ಆರಿಸಿದ್ದಕ್ಕೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು ಎಂದು ಕಾಣುತ್ತದೆ.

ಶನಿವಾರ ತೋಟದಲ್ಲಿ ಬೋರ್ಡೋ ಸಿಂಪಡಣೆ. ಮಳೆ ಹಿಡಿಯುವ ಮೊದಲು ಕಾಫಿ ಗಿಡಗಳಿಗೆ ಮೈಲುತುತ್ತ, ಸುಣ್ಣ ಬೆರೆಸಿ ಹೊಡೆಯುವ ಕೆಲಸ ಮುಗಿಯಲೇಬೇಕು. ಚಿಕ್ಕಮ್ಮ ಆಳುಗಳ ಹಿಂದೆ ಓಡಾಡುತ್ತಿದ್ದಳು. “ಕೂಲಂಟ್ ನೀನೇ ಹಾಕ್ಬಿಡೇ, ಓದಿದೋಳು ನೀನು,” ಅಂದಳು. ಹಿಂದಿನ ದಿನ ಬಿದ್ದ ಮಳೆಗೆ ಹಳ್ಳದಿಂದ ಬರುವ ಪೈಪಿನ ನೀರು ಕೆಸರಾಗಿತ್ತು. ಮೆಕ್ಯಾನಿಕ್ ಶುದ್ಧ ನೀರು ಎಂದಿದ್ದನಲ್ಲ, ಹುಡುಕಿದೆ. ಶೆಡ್ಡಿನ ಮೂಲೆಯ ಕ್ಯಾನಿನಲ್ಲಿ ಕನ್ನಡಿಯಂಥ ತಿಳಿನೀರಿತ್ತು. ತಳದಲ್ಲಿ ಏನಿದೆ ಎಂದು ನೋಡಲಿಲ್ಲ. ಮೇಲಿನ ನೀರನ್ನು ಅಲುಗಾಡಿಸದೆ, ಎಷ್ಟು ಜೋಪಾನವಾಗಿ ಬಗ್ಗಿಸಿಕೊಂಡೆ! ಬೆರಳು ಸೋಪು ಹಚ್ಚಿದಂತೆ ಜಾರಿತು ಎಂದು ಈಗ ಅನ್ನಿಸುತ್ತದೆ. ಅದು ನಿಜವಾದ ನೆನಪೋ, ಆಮೇಲೆ ನಾನೇ ಸೇರಿಸಿಕೊಂಡದ್ದೋ ಹೇಳಲಾರೆ.

ಭಾನುವಾರ ಮಾವ ಬಿಳಿ ಪಂಚೆ ಉಟ್ಟು ಮುಂದೆ ಕೂತರು. ನಾನು ಹಿಂದೆ. ಕೊಟ್ಟಿಗೆಹಾರದವರೆಗೆ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಅಲುಗಲಿಲ್ಲ. “ಪರವಾಗಿಲ್ಲ ಕಣೆ ನಿನ್ನ ಮುದುಕಿ,” ಎಂದು ಮಾವನೇ ಕಾರನ್ನು ಹೊಗಳಿದರು. ಏರು ಶುರುವಾಗಿ ಮೂರನೆಯ ತಿರುವಿಗೆ ಬಾನೆಟ್ಟಿನಿಂದ ಹಬೆ ಎದ್ದಿತು. ಆರುವವರೆಗೆ ಕಾದು, ಮಾವ ಬಟ್ಟೆ ಸುತ್ತಿ ಮುಚ್ಚಳ ತಿರುಗಿಸಿದರು. ಒಳಗಿನಿಂದ ಚಿಮ್ಮಿದ ನೀರು ಅವರ ಪಂಚೆಯ ಮೇಲೆ ಬಿತ್ತು. ಕೆಂಪು. ಹಸಿರು ಬೆರೆತು ಕಂದಾಗಿದ್ದಿರಬೇಕು, ಆದರೆ ನನ್ನ ನೆನಪಿನಲ್ಲಿ ಅದು ಆರತಿ ನೀರಿನ ಕೆಂಪು. ಮುಚ್ಚಳದ ಬಾಯಿಗೆ ಬಿಳಿ ಗಸಿ ಕಟ್ಟಿತ್ತು.

ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ. ಅದಕ್ಕೆ ಬಿ.ಎಸ್ಸಿ. ಬೇಕಿಲ್ಲ, ಆರತಿ ಕಲಸಿದ ಯಾವ ಹೆಂಗಸಿಗೂ ಗೊತ್ತು. ನಾನು ಸುರಿದದ್ದು ಸಿಂಪಡಣೆಗೆ ನೆನೆಸಿ ಉಳಿದ ಸುಣ್ಣದ ತಿಳಿ. ಅದು ಕೂಲಂಟಿನ ಜೊತೆ ಸೇರಿ ಗಸಿಯಾಗಿ ರೇಡಿಯೇಟರಿನ ಸಣ್ಣ ಕೊಳವೆಗಳನ್ನು ಕಟ್ಟಿಹಾಕಿತ್ತು. ತಪ್ಪು ಕಾರಿನದಲ್ಲ. ಹಾಗೆಂದು ಒಂದು ಮಾತು ಹೇಳಿದ್ದರೆ ಮಾವ ಇನ್ನೊಂದು ಭಾನುವಾರ ಕೊಡುತ್ತಿದ್ದರೇನೋ.

“ಕೆಂಪು ಹಾಕಿಬಿಟ್ಟಿದ್ದೀರಲ್ಲ! ಹಸಿರೇ ಆಗ್ಬೇಕು ಅಂತ ಆ ಮೆಕ್ಯಾನಿಕ್ ಹೇಳಿರ್ಲಿಲ್ವಾ? ಯಾರು ಹಾಕಿದ್ದು?” ಎಂದು ಮಾವ ಪಂಚೆ ಕೊಡವಿದರು.

ಚಿಕ್ಕಮ್ಮ ಪಂಚೆಯ ಕಲೆಯನ್ನು ನೋಡಿದಳು. ಬೆರಳಲ್ಲಿ ಗಸಿ ತೆಗೆದು ಉಜ್ಜಿದಳು. ನನ್ನ ಕಡೆ ತಿರುಗಲಿಲ್ಲ.

“ನಾನೇ ಅಣ್ಣ. ಅಂಗಡೀಲಿ ಕೆಂಪೇ ಒಳ್ಳೇದು ಅಂದ್ರು.”

ನಾನು ತಂದ ಹಸಿರು ಡಬ್ಬಿಯನ್ನು ಅವಳು ನೋಡಿದ್ದಳು.

“ಟೀಚರಂತೆ, ಟೀಚರ್! ಎರಡು ಬಣ್ಣ ಗೊತ್ತಾಗಲ್ಲ ಇವಳಿಗೆ,” ಎಂದರು ಮಾವ. ನಾನು ರಸ್ತೆಬದಿಯ ತೊರೆಯಿಂದ ನೀರು ತಂದುಕೊಟ್ಟೆ. ನಿಂತು ನಿಂತು ಮನೆ ಸೇರಿದೆವು.

ಮಳೆಗಾಲ ಮುಗಿಯುವ ಮೊದಲೇ ಕಾರು ಬಾಳೆಹೊನ್ನೂರು ಕಡೆಯವರ ಪಾಲಾಯಿತು. ಚಿಕ್ಕಮ್ಮ ಕಳಸದಲ್ಲಿ ಕೋಣೆ ಹಿಡಿದಳು, ನಾಯಿಯನ್ನು ನಮ್ಮ ಮನೆಗೆ ಕಳಿಸಿದಳು. ನಾನು ಎಂ.ಎಸ್ಸಿ.ಗೆ ಮೈಸೂರಿಗೆ ಹೋದೆ. ಮಾವನನ್ನು ಒಪ್ಪಿಸಿದ್ದು ಚಿಕ್ಕಮ್ಮ.

ಕೆಲವು ವರ್ಷಗಳ ನಂತರ ತಂಗಿಯ ಮಗುವಿನ ನಾಮಕರಣದ ದಿನ ಅವಳು ಅಡುಗೆಮನೆಯಲ್ಲಿ ಆರತಿ ತಟ್ಟೆಯಲ್ಲಿ ಅರಿಶಿನ, ಸುಣ್ಣ ಕಲಸುತ್ತಿದ್ದಳು. ಆರತಿ ಎತ್ತಲು ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಕಲಸುವುದು ಮಾತ್ರ ಅವಳೇ ಆಗಬೇಕು. ನೀರು ಕೆಂಪಾಗುವುದನ್ನು ನೋಡುತ್ತ ನಿಂತವಳು ಕೇಳಿಬಿಟ್ಟೆ. ಅವಳು ಇನ್ನೊಂದು ಚಿಟಿಕೆ ಸುಣ್ಣ ಹಾಕಿ ಕಲಸಿ, “ತುಳುಕಿಸ್ಬೇಡ, ಸೀರೆಗೆ ಬಿದ್ರೆ ಹೋಗಲ್ಲ,” ಎಂದು ತಟ್ಟೆಯನ್ನು ನನ್ನ ಕೈಗಿಟ್ಟಳು. ಹೊರಗೆ ಕಾಯುತ್ತಿದ್ದರು, ಹೋದೆ. ಆಮೇಲೆ ಎಷ್ಟೋ ಸಲ ಸಿಕ್ಕಿದ್ದೇವೆ. ಅವಳು ಆ ಮಾತೆತ್ತಿಲ್ಲ, ನಾನೂ ಎರಡನೆಯ ಸಲ ಕೇಳಿಲ್ಲ. ಕೇಳಿದ್ದು ಇಷ್ಟೇ:

“ಮಾವನ ಪಂಚೆ ನೋಡ್ದಾಗ್ಲೇ ನಿಂಗೆ ಗೊತ್ತಾಯ್ತಾ ಚಿಕ್ಕಮ್ಮ, ಸುಣ್ಣದ ನೀರು ಹಾಕಿದ್ದು ನಾನು ಅಂತ?”