ಶಿರೀನ್ ಬಾಜಿ ಮತ್ತು ವಾಪಸ್ ಬಂದ ಮೇಲ್‌ಗಳು

ಶಿವಾಜಿನಗರದ ಅಂಗಡಿಗಳಲ್ಲಿ ಯಾರದಾದರೂ ಇ-ಮೇಲ್ ಹೋದ ದಾರಿಯಲ್ಲೇ ವಾಪಸ್ ಬಂದರೆ ಮೊದಲ ಫೋನ್ ಹೋಗುವುದು ಶಿರೀನ್ ಅವರಿಗೆ. ವಯಸ್ಸು ನಲವತ್ತೆಂಟು. ಮಾಸ್ಕ್ ರಸ್ತೆಯ ಹಿಂದಿನ ಓಣಿಯಲ್ಲಿ ಹುಟ್ಟಿದವರು, ಈಗ ಹೊರಮಾವಿನ ಅಪಾರ್ಟ್‌ಮೆಂಟಿನಲ್ಲಿದ್ದಾರೆ. ಗಿರಾಕಿಗಳಲ್ಲಿ ಹೆಚ್ಚಿನವರು ಅವರನ್ನು ಬಾಜಿ, ಅಂದರೆ ಅಕ್ಕ ಎನ್ನುತ್ತಾರೆ. ಅವರಿಗಿಂತ ಹಿರಿಯರಾದ ಕೆಲವರೂ ಹಾಗೆಯೇ ಕರೆಯುತ್ತಾರೆ. ಶಿರೀನ್ ತಿದ್ದುವುದನ್ನು ಬಿಟ್ಟಿದ್ದಾರೆ.

ಬಿ.ಕಾಂ. ಮುಗಿಸಿ ಅವರು ಸೇರಿದ್ದು ಇಂಟರ್ನೆಟ್ ಸಂಪರ್ಕ ಕೊಡುತ್ತಿದ್ದ ಒಂದು ಕಂಪನಿಗೆ. ಮಾರತ್ತಹಳ್ಳಿಯಲ್ಲಿ ಅದರ ಕಚೇರಿ ಇತ್ತು. ದೂರು ಕೇಳಿಸಿಕೊಳ್ಳುವುದು ಅವರ ಕೆಲಸ. ಬೆಳಿಗ್ಗೆಯಿಂದ ಸಂಜೆಯವರೆಗೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕೋಪ ಬಂದವರ ಮಾತು ಕೇಳಿ, ಅದರಲ್ಲಿ ಕೋಪವೆಷ್ಟು, ವಿಷಯವೆಷ್ಟು ಎಂದು ಬೇರ್ಪಡಿಸಬೇಕಿತ್ತು. ಕಂಪನಿ ಮುಚ್ಚಿದಾಗ ಉಳಿದದ್ದು ಆ ಅಭ್ಯಾಸವೊಂದೇ. ಅದನ್ನೇ ಕಸುಬು ಮಾಡಿಕೊಂಡರು.

ಅತ್ತರಿನ ಅಂಗಡಿ, ಹಾರ್ಡ್‌ವೇರ್ ಅಂಗಡಿ, ಮದುವೆ ಕಾರ್ಡ್ ಮುದ್ರಿಸುವವರು ಅವರ ಗಿರಾಕಿಗಳು. ಪುಲಿಕೇಶಿನಗರದಲ್ಲಿ ಶವಪೆಟ್ಟಿಗೆ ಮಾಡುವ ಒಬ್ಬ ಹಿರಿಯರೂ ಇದ್ದಾರೆ. ಅವರು ಪ್ರತಿ ಮೇಲ್‌ನ ತಲೆಬರಹದಲ್ಲೂ ದೊಡ್ಡಕ್ಷರದಲ್ಲಿ ‘ಅರ್ಜೆಂಟ್’ ಎಂದು ಬರೆದು ಮೂರು ಉದ್ಗಾರ ಚಿಹ್ನೆ ಹಾಕುತ್ತಿದ್ದರು. ಹೋದ ಮೇಲ್‌ಗಳೆಲ್ಲ ಸ್ಪ್ಯಾಮ್ ಡಬ್ಬಿಗೆ ಬೀಳುತ್ತಿದ್ದವು.

“ನಿಮ್ಮ ಗಿರಾಕಿಗೆ ಇನ್ನೇನು ಅರ್ಜೆಂಟ್ ಅಂಕಲ್?” ಎಂದು ಶಿರೀನ್ ಕೇಳಿದ್ದರಂತೆ. ಹಿರಿಯರು ತುಂಬಾ ಹೊತ್ತು ನಕ್ಕು, ಆ ಪದ ಬಿಟ್ಟರು. ಮೇಲ್‌ಗಳು ತಲುಪತೊಡಗಿದವು.

ಎಲ್ಲ ಪ್ರಕರಣಗಳೂ ಇಷ್ಟು ಸುಲಭವಲ್ಲ. ನಜೀರ್ ಸಾಹೇಬರ ಅಂಗಡಿಯದು ಅಂಥ ಕಷ್ಟದ್ದು.

ನಜೀರ್ ಸಾಹೇಬರದು ಬ್ಯಾಂಡ್ ಸಮವಸ್ತ್ರ ಹೊಲಿಯುವ ಅಂಗಡಿ. ಶಾಲೆಗಳ ಬ್ಯಾಂಡು, ಚರ್ಚ್ ಬ್ಯಾಂಡು, ಮದುವೆ ಬ್ಯಾಂಡು, ಎಲ್ಲಕ್ಕೂ ಜರಿ ಪಟ್ಟಿಯ ಕೋಟು ಅಲ್ಲಿಂದಲೇ ಹೋಗುತ್ತದೆ. ಸಾಹೇಬರಿಗೆ ಎಪ್ಪತ್ತು ದಾಟಿದೆ. ವ್ಯವಹಾರ ಈಗ ಮಗ ಮೊಹ್ಸಿನ್ ಕೈಯಲ್ಲಿದೆ. ಕತ್ತರಿ ಹಿಡಿಯುವುದು ಹಲಸೂರಿನ ಕೆಂಪರಾಜ್. ಮನೆಯಲ್ಲಿ ದಖನಿ ಉರ್ದು ಮಾತಾಡುವ ತಂದೆ ಮಗ, ಕೆಂಪರಾಜ್ ಇರುವುದರಿಂದ ಅಂಗಡಿಯೊಳಗೆ ಕನ್ನಡಕ್ಕೆ ಹೊರಳುತ್ತಾರೆ.

ಕೊಡಗಿನ ಒಂದು ವಸತಿ ಶಾಲೆಗೆ ಸಾಹೇಬರ ತಂದೆಯ ಕಾಲದಿಂದಲೂ ಬ್ಯಾಂಡ್ ಕೋಟು ಹೊಲಿಯುತ್ತಿದ್ದುದು ಇದೇ ಅಂಗಡಿ. ಈ ವರ್ಷ ಶಾಲೆ ಹೊಸ ನಮೂನೆ ಕೇಳಿತ್ತು. ಶುಕ್ರವಾರ ಸಂಜೆ ನಾಲ್ಕಕ್ಕೆ ಖರೀದಿ ಸಮಿತಿಯ ಸಭೆ. ಅಷ್ಟರೊಳಗೆ ನಮೂನೆಯ ಚಿತ್ರ ತಲುಪದಿದ್ದರೆ ಕೆಲಸ ಬೇರೆಯವರಿಗೆ ಹೋಗುತ್ತದೆ. ಅಂಗಡಿಯ ಹೆಸರಿನಲ್ಲಿ ನೋಂದಾಯಿಸಿದ ಮೇಲ್ ವಿಳಾಸದಿಂದಲೇ ಕಳಿಸಬೇಕೆಂಬುದು ಶಾಲೆಯ ನಿಯಮ. ಮೊಹ್ಸಿನ್ ತನ್ನ ಸ್ವಂತ ವಿಳಾಸದಿಂದ ಕಳಿಸಿ ನೋಡಿದ. ‘ನೋಂದಾಯಿತ ವಿಳಾಸದಿಂದ ಕಳಿಸಿ’ ಎಂಬ ಉತ್ತರ ಬಂತು. ಅಂಗಡಿಯ ವಿಳಾಸದಿಂದ ಕಳಿಸಿದರೆ ಮೇಲ್ ವಾಪಸ್. ಗುರುವಾರ ಮಧ್ಯಾಹ್ನ ಅವನು ಶಿರೀನ್‌ಗೆ ಫೋನ್ ಮಾಡಿದ.

“ವಾಪಸ್ ಬಂದಿದ್ರಲ್ಲಿ ಏನು ಬರ್ದಿದೆ? ಓದು,” ಎಂದರು ಶಿರೀನ್.

“ಡಿಲೀಟ್ ಮಾಡ್ಬಿಟ್ಟೆ ಬಾಜಿ.”

“ಯಾಕಪ್ಪಾ?”

“ವಾಪಸ್ ಬಂದಿದ್ದನ್ನ ಇಟ್ಕೊಂಡು ಏನ್ಮಾಡ್ಲಿ? ನೋಡಿದ್ರೆ ಮನಸ್ಸು ಕೆಡುತ್ತೆ.”

ಎಲ್ಲ ಗಿರಾಕಿಗಳೂ ಮಾಡುವುದು ಇದನ್ನೇ. ತಿರಸ್ಕರಿಸಿದವರು ಕಾರಣವನ್ನೂ ಬರೆದು ಕಳಿಸಿರುತ್ತಾರೆ. ಅದನ್ನು ಇವರು ಓದದೆ ಎಸೆಯುತ್ತಾರೆ. ಶಿರೀನ್ ಇನ್ನೊಮ್ಮೆ ಕಳಿಸಲು ಹೇಳಿ, ಫೋನ್ ಹಿಡಿದೇ ಕಾದರು.

“ವಾಪಸ್ ಬಂತಾ?”

“ಬಂತು.”

“ಒಳ್ಳೇದಾಯ್ತು. ಈಗ ಓದು.”

“ನಿಮಗೆ ಖುಷಿ ಬೇರೆ ಆಗ್ತಿದ್ಯಲ್ಲಾ ಬಾಜಿ!”

ಅವನು ಓದಿದ ಇಂಗ್ಲಿಷ್ ಸಾಲುಗಳ ಸಾರಾಂಶ ಇಷ್ಟು: ಈ ಅಂಗಡಿಯ ಹೆಸರಿನಿಂದ ಬರುವ ಮೇಲ್‌ಗಳ ಬಗ್ಗೆ ಹಲವರು ದೂರು ಕೊಟ್ಟಿದ್ದಾರೆ, ಹೆಸರು ತಡೆಪಟ್ಟಿಯಲ್ಲಿದೆ, ಸ್ವೀಕರಿಸುವುದಿಲ್ಲ.

“ನಮ್ಮ ಅಪಾರ್ಟ್‌ಮೆಂಟಲ್ಲಿ ವಾಚ್‌ಮನ್ ಇದ್ದಾನಲ್ಲ, ಹಂಗೆ,” ಎಂದು ಶಿರೀನ್ ವಿವರಿಸಿದರು. “ಯಾರಾದ್ರೂ ಬಂದು ಮನೆಮನೆ ಬೆಲ್ ಮಾಡಿ ತೊಂದ್ರೆ ಕೊಟ್ರೆ ಅವರ ಫೋಟೋ ಗೇಟಲ್ಲಿ ಅಂಟಿಸ್ತಾರೆ. ಒಂದು ಅಪಾರ್ಟ್‌ಮೆಂಟ್ ಅಂಟಿಸಿದ್ರೆ ಅಕ್ಕಪಕ್ಕದವರೂ ಅಂಟಿಸ್ತಾರೆ. ಈಗ ನಿಮ್ಮ ಫೋಟೋ ಗೇಟಲ್ಲಿದೆ.”

“ನಾವು ಯಾರ ಮನೆ ಬೆಲ್ಲೂ ಮಾಡಿಲ್ಲ ಬಾಜಿ. ಕೋಟ್ ಹೊಲೀತೀವಿ ಅಷ್ಟೇ.”

ಆ ಸಂಜೆ ಶಿರೀನ್ ಹೊರಮಾವಿನ ಮನೆಯಿಂದಲೇ ಅಂಗಡಿಯ ಕಂಪ್ಯೂಟರಿಗೆ ಸಂಪರ್ಕ ಮಾಡಿಕೊಂಡು ಒಂದೊಂದಾಗಿ ಪರೀಕ್ಷಿಸಿದರು. ಅಂಗಡಿಯ ಹೆಸರಿನಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಎಂಬ ದಾಖಲೆ ಸರಿಯಾಗಿತ್ತು. ಕಂಪ್ಯೂಟರಿನಲ್ಲಿ ವೈರಸ್ ಇರಲಿಲ್ಲ. ಪಾಸ್‌ವರ್ಡ್ ಯಾರೂ ಕದ್ದಿರಲಿಲ್ಲ. ಕಳಿಸಿದ ಮೇಲ್‌ಗಳ ಪೆಟ್ಟಿಗೆಯಲ್ಲಿ ದರಪಟ್ಟಿ, ಅಳತೆ, ನಮೂನೆ ಬಿಟ್ಟರೆ ಬೇರೇನೂ ಸಿಗಲಿಲ್ಲ. ತಡೆಪಟ್ಟಿ ನಡೆಸುವ ಸಂಸ್ಥೆಗೆ ಮನವಿ ಕೊಟ್ಟರೆ ಹೆಸರು ತೆಗೆಯುತ್ತಾರೆ. ಆದರೆ ಅವರ ಮೊದಲ ಪ್ರಶ್ನೆಯೇ, ದೂರಿಗೆ ಕಾರಣವೇನು, ಅದು ನಿಂತಿದೆಯೇ ಎಂಬುದು. ಸುಮ್ಮನೆ ‘ನಿಂತಿದೆ’ ಎಂದು ಬರೆದು ಮತ್ತೆ ಸಿಕ್ಕಿಬಿದ್ದರೆ ಎರಡನೆಯ ಸಲ ಅವರು ಬೇಗ ಬಿಡುವುದಿಲ್ಲ. ಕಾರಣ ತಿಳಿಯದೆ ಶಿರೀನ್ ಏನನ್ನೂ ಬರೆಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೆ ಶಿರೀನ್ ಅಲ್ಲಿದ್ದರು. ಮೊಹ್ಸಿನ್ ಇನ್ನೂ ಬಂದಿರಲಿಲ್ಲ. ಶುಕ್ರವಾರ ಅವನು ಬರುವುದು ತಡ. ಕೆಂಪರಾಜ್ ಮೇಜಿನ ಮೇಲೆ ಕೆಂಪು ಬಟ್ಟೆ ಹರವಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ನಜೀರ್ ಸಾಹೇಬರು ಕೆಂಡದ ಮೇಲೆ ಲೋಬಾನ ಉದುರಿಸಿ, ಅದರ ಹೊಗೆಯನ್ನು ಹೊಲಿಗೆ ಯಂತ್ರಗಳಿಗೆ, ಬಟ್ಟೆಯ ಥಾನುಗಳಿಗೆ, ಕೊನೆಗೆ ಕಂಪ್ಯೂಟರಿಗೂ ಹಿಡಿದರು. ಧೂಪದ ಪಾತ್ರೆ ಕೆಳಗಿಟ್ಟು, ಕನ್ನಡಕ ಒರೆಸಿಕೊಂಡು, ಅದೇ ಕಂಪ್ಯೂಟರಿನ ಮುಂದೆ ಕೂತರು.

ಶಿರೀನ್ ಚಹಾ ಕುಡಿಯುತ್ತಿದ್ದರು. ಸಾಹೇಬರ ತೋರುಬೆರಳು ಒಂದೊಂದೇ ಕೀಲಿ ಹುಡುಕಿ ಒತ್ತುತ್ತಿತ್ತು. ಪರದೆಯ ಮೇಲೆ ದೊಡ್ಡದೊಂದು ಗುಲಾಬಿ ಹೂ ಮೂಡಿತು. ಅದರ ಮೇಲೆ ಮಂಜಿನ ಹನಿ, ಕೆಳಗೆ ಬಂಗಾರದ ಅಕ್ಷರದಲ್ಲಿ ‘ಜುಮ್ಮಾ ಮುಬಾರಕ್’ ಎಂಬ ಶುಕ್ರವಾರದ ಶುಭಾಶಯ. ವಿಳಾಸದ ಜಾಗದಲ್ಲಿ ಹೆಸರುಗಳು ಸಾಲುಸಾಲಾಗಿ ಇಳಿಯುತ್ತಲೇ ಇದ್ದವು. ಶಾಲೆಗಳು, ಕಾನ್ವೆಂಟುಗಳು, ಬಟ್ಟೆ ಮಿಲ್ಲು, ಗುಂಡಿ ಮಾರುವವರು, ಅಂಗಡಿಗೆ ಎಂದೋ ಒಮ್ಮೆ ದರ ಕೇಳಿ ಬರೆದವರು.

“ಚಾಚಾ, ನಿಲ್ಲಿ!”

ಸಾಹೇಬರ ಬೆರಳು ಆಗಲೇ ಒತ್ತಿಯಾಗಿತ್ತು. ಶಿರೀನ್ ಲೋಟ ಇಟ್ಟವರೇ ಗೋಡೆಯ ಬಳಿಯ ಇಂಟರ್ನೆಟ್ ತಂತಿ ಎಳೆದುಹಾಕಿದರು. ಗುಲಾಬಿ ಹೊರಗೆ ಹೋಗದೆ ಕಂಪ್ಯೂಟರಿನಲ್ಲೇ ನಿಂತಿತು.

“ಏನಾಯ್ತು? ಶಾಕ್ ಹೊಡೀತಾ?” ಎಂದು ಕೆಂಪರಾಜ್ ಕತ್ತರಿ ಬಿಟ್ಟು ಓಡಿಬಂದರು.

“ಇದನ್ನ ಪ್ರತಿವಾರ ಕಳಿಸ್ತೀರಾ ಚಾಚಾ?”

“ಮತ್ತೆ? ಜುಮ್ಮಾ ದಿನ ದುವಾ ಕಳಿಸ್ಬಾರ್ದಾ?”

“ಕಳಿಸಿದ್ದು ಪೆಟ್ಟಿಗೆಯಲ್ಲಿ ಒಂದೂ ಇರ್ಲಿಲ್ಲ.”

“ಕಳಿಸಾದ ಮೇಲೆ ತೆಗೆದ್ಬಿಡ್ತೀನಿ. ಕೆಲಸ ಆದ್ಮೇಲೆ ಮೇಜಿನ ಮೇಲೆ ಚಿಂದಿ ಬಿಡ್ತೀವಾ? ಗುಡಿಸ್ತೀವಲ್ಲ, ಹಂಗೆ. ವಾಪಸ್ ಬಂದಿದ್ದನ್ನೂ, ಓದಾದ ಉತ್ತರಾನೂ ಗುಡಿಸ್ತೀನಿ.” ಆಮೇಲೆ ಸಾಹೇಬರು ಕುರ್ಚಿಯಲ್ಲೇ ಪೂರ್ತಿ ತಿರುಗಿದರು. “ಎಲ್ಲರಿಗೂ ಒಟ್ಟಿಗೆ ಕಳಿಸೋದು ನಂಗೆ ಹೇಳ್ಕೊಟ್ಟಿದ್ದು ಯಾರು? ನೀನೇ ಬೇಟಿ. ಕೊರೋನಾ ಟೈಮಲ್ಲಿ.”

ಅದು ನಿಜ. ಬ್ಯಾಂಡುಗಳೆಲ್ಲ ಮೂಲೆ ಸೇರಿದ್ದ ಆ ದಿನಗಳಲ್ಲಿ ಹಳೆಯ ಗಿರಾಕಿಗಳು ಹೇಗಿದ್ದಾರೋ ಕೇಳಬೇಕೆಂದು ಸಾಹೇಬರು ಹಟ ಹಿಡಿದಿದ್ದರು. ಒಂದು ಸಲ ಕಳಿಸಲಿ ಎಂದು ಶಿರೀನ್ ಫೋನಿನಲ್ಲೇ ಪಾಠ ಹೇಳಿದ್ದರು. ಕಳಿಸಿದ ಕಡೆಯಿಂದೆಲ್ಲ ಉತ್ತರ ಬಂತು. ಸಾಹೇಬರಿಗೆ ರುಚಿ ಹತ್ತಿತು. ಒಂದು ಸಲದ್ದು ಪ್ರತಿ ವಾರದ್ದಾಯಿತು, ಚಿತ್ರವೂ ಸೇರಿತು.

ಶಿರೀನ್ ಸ್ಟೂಲ್ ಎಳೆದುಕೊಂಡು ಅವರ ಎದುರು ಕೂತರು. ಮೇಲ್ ಪಡೆದವರ ಬಳಿ ಒಂದು ಗುಂಡಿ ಇರುತ್ತದೆ, ಬೇಡದ್ದು ಬಂದರೆ ಅದನ್ನು ಒತ್ತುತ್ತಾರೆ, ಒಂದೊಂದು ಒತ್ತೂ ಒಂದೊಂದು ದೂರು, ದೂರು ಹೆಚ್ಚಾದರೆ ಇಡೀ ಅಂಗಡಿಯ ಮೇಲ್‌ಗಳಿಗೆ ಬಾಗಿಲು ಮುಚ್ಚುತ್ತದೆ ಎಂದು ಬಿಡಿಸಿ ಹೇಳಿದರು.

ಸಾಹೇಬರು ಗಡ್ಡ ನೀವಿಕೊಂಡರು. “ದುವಾ ಬಂದ್ರೆ ಗುಂಡಿ ಒತ್ತಿದವರು ಯಾರು? ಹೆಸರು ಹೇಳು.”

“ಹೆಸರು ಗೊತ್ತಾಗಲ್ಲ ಚಾಚಾ. ಓಟ್ ಹಾಕಿದಂಗೆ. ಗುಟ್ಟು.”

“ಡಿಪಾಸಿಟ್ ಹೋಯ್ತು ಸಾಹೇಬ್ರೇ,” ಎಂದರು ಕೆಂಪರಾಜ್.

“ನೀನು ಕಾಲರ್ ಕತ್ತರಿಸಯ್ಯಾ!”

ಅಷ್ಟರಲ್ಲಿ ಬಂದ ಮೊಹ್ಸಿನ್ ವಿಷಯ ಕೇಳಿ ಬಾಗಿಲಲ್ಲೇ ನಿಂತ. “ಅಬ್ಬಾ, ನಮ್ಮ ಫೋಟೋ ಗೇಟಲ್ಲಿ ಅಂಟಿಸಿದ್ದು ನೀವಾ?” ಎಂದು ತಂದೆಯನ್ನು ಕೇಳಿದ. ಕೋಪಿಸಿಕೊಳ್ಳಬೇಕೋ ನಗಬೇಕೋ ತಿಳಿಯದೆ ಕೊನೆಗೆ ನಕ್ಕ. ಸಾಹೇಬರು ನಗಲಿಲ್ಲ. ಅವರು ಕೇಳಿದ್ದು ಒಂದೇ ಮಾತು: “ಸ್ಕೂಲಿಂದು ಹೋಗುತ್ತೋ ಇಲ್ವೋ ಬೇಟಿ?”

ಅಂಗಡಿಯವರೇ ಪ್ರತಿ ವಾರ ಎಲ್ಲ ವಿಳಾಸಗಳಿಗೂ ಶುಭಾಶಯ ಕಳಿಸುತ್ತಿದ್ದರು, ಇಂದು ನಿಲ್ಲಿಸಲಾಗಿದೆ, ಆ ವಿಳಾಸಗಳ ಗುಂಪನ್ನು ಅಳಿಸಲಾಗಿದೆ ಎಂದು ಶಿರೀನ್ ಮನವಿಯಲ್ಲಿ ಇದ್ದದ್ದು ಇದ್ದ ಹಾಗೆ ಬರೆದರು. ತಂತಿ ಮತ್ತೆ ಸಿಕ್ಕಿಸುವ ಮೊದಲೇ ಆ ಗುಂಪನ್ನೂ, ಹೋಗದೆ ನಿಂತಿದ್ದ ಹೂವನ್ನೂ ಅಳಿಸಿದ್ದು ಸಾಹೇಬರ ಕೈಯಿಂದಲೇ. ಜುಮ್ಮಾ ನಮಾಜಿಗೆ ಅಂಗಡಿ ಅರ್ಧ ಬಾಗಿಲು ಎಳೆದಾಗಲೂ ಉತ್ತರ ಬಂದಿರಲಿಲ್ಲ. ತಂದೆ ಮಗ ಮಸೀದಿಯಿಂದ ಮರಳುವಷ್ಟರಲ್ಲಿ ಬಂತು. ಹೆಸರು ಪಟ್ಟಿಯಿಂದ ಹೊರಗಾಗಿತ್ತು. ಮೊಹ್ಸಿನ್ ಶಾಲೆಗೆ ನಮೂನೆ ಕಳಿಸಿದ.

ಮತ್ತೆ ವಾಪಸ್.

ಮೊಹ್ಸಿನ್ ಕೈ ಡಿಲೀಟ್ ಕಡೆಗೆ ಹೋಯಿತು. ಶಿರೀನ್ ಆ ಕೈ ಹಿಡಿದು ಪಕ್ಕಕ್ಕೆ ಸರಿಸಿ, ವಾಪಸ್ ಬಂದದ್ದನ್ನು ಓದಿದರು. ಮಾತು ಬದಲಾಗಿತ್ತು. ತಡೆಪಟ್ಟಿಯ ಪ್ರಸ್ತಾಪ ಇರಲಿಲ್ಲ. ‘ನಮ್ಮ ಸಂಸ್ಥೆಯ ನಿರ್ಧಾರದಂತೆ ತಡೆಹಿಡಿಯಲಾಗಿದೆ’ ಎಂದಿತ್ತು.

“ಇದು ಊರಿನ ಗೇಟ್ ಅಲ್ಲ, ಆ ಮನೆಯವರದ್ದೇ ಬಾಗಿಲು,” ಎಂದರು ಶಿರೀನ್. “ಸ್ಕೂಲಲ್ಲಿ ಯಾರೋ ಕೂತು ನಿಮ್ಮನ್ನ ಬ್ಲಾಕ್ ಮಾಡಿದ್ದಾರೆ. ಇದಕ್ಕೆ ಫೋನೇ ಆಗ್ಬೇಕು. ಚಾಚಾ, ನೀವೇ ಮಾತಾಡಿ.”

“ನಾನ್ಯಾಕೆ? ಮೊಹ್ಸಿನ್ ಮಾಡ್ಲಿ.”

“ಹೂ ಕಳಿಸಿದವರು ಮಾತಾಡಿದ್ರೆ ಬೇಗ ಆಗುತ್ತೆ.”

ಮೊಹ್ಸಿನ್ ಫೋನ್ ಹಚ್ಚಿ ಸ್ಪೀಕರ್ ಹಾಕಿದ. ಶಾಲೆಯ ಕಚೇರಿಯಲ್ಲಿ ಫೋನೆತ್ತಿದವರು ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವ ಮಧುಕರ್. ಅಂಗಡಿಯ ಹೆಸರು ಹೇಳುತ್ತಿದ್ದಂತೆಯೇ ಆ ಕಡೆಯಿಂದ ಮಾತು ಬಂತು.

“ಓ, ಗುಲಾಬಿ ಹೂವಿನವರಾ?”

ಕೆಂಪರಾಜ್ ಬಟ್ಟೆಯ ಥಾನಿನ ಹಿಂದೆ ಬಗ್ಗಿದರು. ಮೊಹ್ಸಿನ್ ಬೀದಿಯ ಕಡೆ ಮುಖ ಮಾಡಿದ.

“ನಾನೇ ಬ್ಲಾಕ್ ಮಾಡಿದ್ದು ಸಾರ್, ತಪ್ಪು ತಿಳ್ಕೋಬೇಡಿ. ನಿಮ್ಮ ಫೋಟೋ ಭಾರಿ ದೊಡ್ಡದು. ನಮ್ಮಲ್ಲಿ ಪ್ರಿನ್ಸಿಪಾಲರಿಂದ ಹಿಡಿದು ಅಡುಗೆಮನೆ ಸ್ಟೋರ್‌ವರೆಗೆ ಎಲ್ರಿಗೂ ಬರ್ತಿತ್ತು. ಶುಕ್ರವಾರ ಬಂತಂದ್ರೆ ನಮ್ಮ ಮೇಲ್ ಬಾಕ್ಸ್ ತುಂಬೋಗ್ತಿತ್ತು.”

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ನೇರವಾಗಿ ಹೇಳಿದರು: “ಕಳಿಸಿದ್ದು ನಾನೇ ಮಧುಕರ್ ಅವ್ರೇ. ನಜೀರ್ ಅಂತ. ನಿಮ್ಗೆ ತೊಂದ್ರೆ ಆಯ್ತು. ಇನ್ನು ಬರಲ್ಲ. ನಮ್ಮ ಕೋಟಿನ ನಕ್ಷೆ ಒಂದು ಒಳಗೆ ಬಿಟ್ಕೊಳ್ಳಿ, ಅಷ್ಟು ಸಾಕು.”

“ಅಯ್ಯೋ, ನೀವು ಹಂಗನ್ಬೇಡಿ ಸಾರ್,” ಮಧುಕರ್ ದನಿ ಮೆತ್ತಗಾಯಿತು. “ಈಗ್ಲೇ ತೆಗೀತೀನಿ. ಪೂರ್ತಿ ನಿಲ್ಲಿಸೋದೇನ್ ಬೇಡ. ಹಬ್ಬಕ್ಕೊಂದು ಕಳಿಸಿ, ನನಗೊಬ್ಬನಿಗೇ. ಫೋಟೋ ಚಿಕ್ಕದಿರ್ಲಿ.”

ಮೊಹ್ಸಿನ್ ಮತ್ತೆ ಕಳಿಸಿದ. ಎಲ್ಲರೂ ಪರದೆ ನೋಡುತ್ತ ನಿಂತರು. ಏನೂ ವಾಪಸ್ ಬರಲಿಲ್ಲ. ನಾಲ್ಕಕ್ಕೆ ಸ್ವಲ್ಪ ಮುಂಚೆ ಮಧುಕರ್ ಅವರ ಒಂದು ಸಾಲು ಬಂತು: ತಲುಪಿದೆ, ಮುದ್ರಿಸಿ ಸಭೆಯ ಮೇಜಿನ ಮೇಲಿಟ್ಟಿದ್ದೇನೆ.

ಸಮಿತಿಯ ತೀರ್ಮಾನಕ್ಕೆ ಕಾಯುವ ಹೊತ್ತಿನಲ್ಲಿ ಸಾಹೇಬರು ಇನ್ನೊಂದು ವಿಷಯ ಎತ್ತಿದರು. ಪ್ರತಿ ವಾರ ತಪ್ಪದೆ ಉತ್ತರ ಬರೆಯುವವರು ಕೆಲವರಿದ್ದಾರೆ. ಕೋಲಾರ ಚಿನ್ನದ ಗಣಿಯ ನಿವೃತ್ತ ಬ್ಯಾಂಡ್‌ಮಾಸ್ಟರ್, ಕಾನ್ವೆಂಟಿನ ಒಬ್ಬ ಹಿರಿಯ ಸಿಸ್ಟರ್, ಗುಂಡಿ ಮಾರುವ ಗಯಾಜ್. ಅವರು ಕಾಯುತ್ತಾರಲ್ಲ?

“ಅವರಿಗೆ ಫೋನ್ ಮಾಡಿ ಚಾಚಾ,” ಎಂದರು ಶಿರೀನ್. “ಫೋನ್ ಸ್ಪ್ಯಾಮಿಗೆ ಹೋಗಲ್ಲ.”

“ಫೋನ್ ಮಾಡಿದ್ರೆ ಗಯಾಜ್ ಬಿಡಲ್ಲ. ಮಂಡಿನೋವಿಂದ ಶುರು ಮಾಡ್ತಾನೆ.”

“ನೀವು ಕಳಿಸಿದ ದುವಾಗೆ ಅಷ್ಟಾದ್ರೂ ಕೇಳ್ಬೇಕು ಸಾಹೇಬ್ರೇ,” ಎಂದರು ಕೆಂಪರಾಜ್.

ಸಂಜೆ ಬೀದಿ ದೀಪ ಹತ್ತುವ ಹೊತ್ತಿಗೆ ಶಾಲೆಯ ಉತ್ತರ ಬಂತು. ಸಮಿತಿ ನಮೂನೆಯನ್ನು ಒಪ್ಪಿತ್ತು, ಒಂದೇ ತಿದ್ದುಪಡಿಯೊಂದಿಗೆ: ತೋಳಿನ ಅಂಚಿನ ಪಟ್ಟಿ ಬಂಗಾರದ ಬಣ್ಣ ಬೇಡ, ಬಿಳಿಯದಿರಲಿ.

“ಬಿಳಿನಾ?” ಸಾಹೇಬರು ಎದ್ದು ನಿಂತರು. “ಅಲ್ಲಿನ ಕೆಸರಿಗೆ, ಹುಡುಗರ ಕೈಗೆ, ಬಿಳಿನಾ? ಒಂದೇ ಪೆರೇಡಿಗೆ ಬೂದಿ ಬಣ್ಣ ಆಗುತ್ತೆ! ಮೊಹ್ಸಿನ್, ಆ ಕಡೆ ಸರ್ಕೋ. ಇದನ್ನ ನಾನೇ ಬರೀತೀನಿ.”

ಮೊಹ್ಸಿನ್ ಶಿರೀನ್ ಮುಖ ನೋಡಿದ. ಶಿರೀನ್ ಪರದೆ ನೋಡಿದರು. ವಿಳಾಸದ ಜಾಗದಲ್ಲಿ ಒಂದೇ ಹೆಸರಿತ್ತು. ಅವರು ಬ್ಯಾಗ್ ಹೆಗಲಿಗೆ ಹಾಕಿಕೊಂಡು, “ಬರೀರಿ ಚಾಚಾ,” ಎಂದು ಹೇಳಿ, ಹೊರಮಾವಿನ ಬಸ್ಸು ಹಿಡಿಯಲು ಹೊರಟರು. ಹಿಂದೆ ಸಾಹೇಬರ ತೋರುಬೆರಳು ಒಂದೊಂದೇ ಕೀಲಿ ಒತ್ತುತ್ತ, ಬಂಗಾರದ ಬಣ್ಣದ ಪರವಾಗಿ ವಾದ ಶುರುಮಾಡಿತ್ತು.