ಅಣ್ಣ ಈಗ ಮೆಚ್ಚಿಕೊಂಡ ಆಲ್ಬಮ್

ನಮ್ಮಣ್ಣನಿಗೆ ಅರವತ್ತೈದು ದಾಟಿದ ಮೇಲೆ ಜ್ಞಾನೋದಯವಾಗಿದೆ. ಎಂಬತ್ತರ ದಶಕದಲ್ಲಿ ಒಬ್ಬ ವಿದೇಶಿ ರಾಕ್ ಗಾಯಕ ಮಾಡಿದ ಪಾಪ್ ಆಲ್ಬಮ್ ಒಂದು ಕಸವಲ್ಲ, ದೊಡ್ಡ ಕೃತಿ ಎಂದು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಉದ್ದಕ್ಕೆ ಬರೆದು ಹಾಕಿದ. ಸೊಸೆಯಂದಿರು, ಅಳಿಯಂದಿರೆಲ್ಲ ಕೆಳಗೆ ಚಪ್ಪಾಳೆಯ ಚಿತ್ರ ಒತ್ತಿದರು. ನಾನು ಒತ್ತಲಿಲ್ಲ. ಅದೇ ಆಲ್ಬಮ್ಮಿನ ಹಾಡಿಗೆ ಕುಣಿದೆನೆಂದು ನನ್ನ ಕೆಲಸ ಬಿಡಿಸಿದವನು ಇದೇ ಅಣ್ಣ. ಗಾಯಕನ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರು ಅವನ ಪರವೋ ವಿರುದ್ಧವೋ ವಾದಕ್ಕೆ ಕೂರುತ್ತಾರೆ, ನನ್ನ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ಆಗ ನಮ್ಮ ಮನೆ ತಮಿಳು ಸೀಮೆಯ ಗಡಿಯಲ್ಲಿ, ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲಿತ್ತು. ಅಣ್ಣ ಡಿಪ್ಲೊಮಾ ಮುಗಿಸಿ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರನಾಗಿದ್ದ. ಭಾನುವಾರ ಅವನ ಸ್ನೇಹಿತರು ಬಂದರೆ ಮಹಡಿಯ ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಒಳಗೆ ಟೇಪ್ ರೆಕಾರ್ಡರ್ ಸುತ್ತ ಕೂತು, ಕಣ್ಣು ಮುಚ್ಚಿ, ತಲೆ ಆಡಿಸುತ್ತಾ ಕೇಳುತ್ತಿದ್ದರು. ಕಾಫಿ ಕೊಡಲು ನಾನು ಹೋದರೆ ಒಬ್ಬನೂ ಕಣ್ಣು ತೆರೆಯುತ್ತಿರಲಿಲ್ಲ, ಕೈ ಮಾತ್ರ ಲೋಟಕ್ಕೆ ಚಾಚುತ್ತಿತ್ತು. ಆ ಗಾಯಕ ಅವರ ಪಾಲಿಗೆ ದೇವರು. ಗಿಟಾರಿನಲ್ಲಿ ಬೆಂಕಿ ಎಬ್ಬಿಸುತ್ತಾನೆ, ದುಡ್ಡಿಗಾಗಿ ಹಾಡುವವನಲ್ಲ ಎಂದು ಹೇಳಿಕೊಳ್ಳುತ್ತಿದ್ದರು. ಇಂಗ್ಲಿಷು ಅವರಿಗೂ ಅಷ್ಟಕ್ಕಷ್ಟೇ, ಆದರೆ ನನಗಿಂತ ಹೆಚ್ಚು ಅರ್ಥವಾಗುತ್ತದೆ ಎಂಬ ಗತ್ತು ಇತ್ತು.

ಹೀಗಿರುವಾಗ ದೇವರು ಕೂದಲು ಕತ್ತರಿಸಿಕೊಂಡ. ಹೊಸ ಕ್ಯಾಸೆಟ್ಟಿನ ಮೇಲೆ ಇಸ್ತ್ರಿ ಹಾಕಿದ ಕೋಟು ತೊಟ್ಟು ಹಲ್ಲು ಬಿಟ್ಟು ನಿಂತಿದ್ದ. ಹಾಡಿನಲ್ಲಿ ಗಿಟಾರು ಹಿಂದಕ್ಕೆ ಸರಿದು ತುತ್ತೂರಿ, ಮೆಷಿನ್ನಿನ ಡ್ರಮ್ಮು ಮುಂದೆ ಬಂದಿದ್ದವು. ಬೆಂಗಳೂರಿಗೆ ಹೋಗಿ ಹುಡುಕಿ ತಂದಿದ್ದ ಅಣ್ಣ ಒಂದೇ ಸಲ ಕೇಳಿದ. ಮನೆಯಲ್ಲಿ ಯಾರೋ ಸತ್ತಂತೆ ಕೆಳಗಿಳಿದು ಬಂದು ಕ್ಯಾಸೆಟ್ಟನ್ನು ನನ್ನ ಮಡಿಲಿಗೆ ಎಸೆದ.

"ದುಡ್ಡಿಗೆ ಮಾರ್ಕೊಂಡ್ಬುಟ್ಟ ಕಣಮ್ಮಿ ಅವ್ನು. ತಗೋ, ಹೆಣ್ಮಕ್ಳು ಕೇಳೋ ಪಾಟು ಇದು." ಪಾಟು ಎಂದರೆ ನಮ್ಮ ಕಡೆ ಹಾಡು.

ಆಗತಾನೇ ನಾನೂ ಬೇರೊಂದು ಕಾರ್ಖಾನೆಗೆ ಸೇರಿದ್ದೆ. ಮೋಟರಿಗೆ ತಾಮ್ರದ ತಂತಿ ಸುತ್ತುವ ಕೆಲಸ, ಸಾಲಾಗಿ ಕೂತವರೆಲ್ಲ ಹುಡುಗಿಯರು. ಕಂಪನಿಯ ಬಸ್ಸು ಡೆಂಕಣಿಕೋಟೆಯಿಂದ ಹೊರಟು ಕೆಲಮಂಗಲದ ಮೇಲೆ ಬಂದು ನಮ್ಮನ್ನು ಹತ್ತಿಸಿಕೊಳ್ಳುತ್ತಿತ್ತು. ಬಸ್ಸಿನಲ್ಲಿ ಟೇಪು ಇತ್ತು, ಟೇಪಿನ ಜೊತೆಗೆ ಜಗಳವೂ ಇತ್ತು. ತಮಿಳಿನ ಹುಡುಗಿಯರಿಗೆ ತಮಿಳು ಹಾಡು ಬೇಕು, ತೆಲುಗಿನವರಿಗೆ ತೆಲುಗು, ನಮಗೆ ಕನ್ನಡ. ಮೂರು ಭಾಷೆಯನ್ನೂ ಎಲ್ಲರೂ ಮಾತಾಡುತ್ತಿದ್ದೆವು, ತರಕಾರಿ ಕೊಳ್ಳುವಾಗ, ಚಾಡಿ ಹೇಳುವಾಗ ಯಾವ ಭಾಷೆಯಾದರೂ ಆಗುತ್ತಿತ್ತು. ಹಾಡು ಎಂದರೆ ಮಾತ್ರ ಹಾಗಾಗುತ್ತಿರಲಿಲ್ಲ. ನಿನ್ನೆ ಅವರದ್ದು ಹಾಕಿದಿರಿ, ಇವತ್ತು ನಮ್ಮದು ಹಾಕಿ ಎಂದು ಡ್ರೈವರಿನ ಜೀವ ತಿನ್ನುತ್ತಿದ್ದೆವು. ಆತ ತಮಿಳಿನವನು, ವಯಸ್ಸಾದವನು, ರೇಗಿದರೆ ಟೇಪು ಆರಿಸಿಬಿಡುತ್ತಿದ್ದ.

"ಎಲ್ರೂ ಬಾಯ್ ಮುಚ್ಕೊಂಡು ಇಂಜಿನ್ ಪಾಟ್ಟು ಕೇಳ್ರಮ್ಮಾ!"

ಅಂಥ ಒಂದು ಬೆಳಿಗ್ಗೆ ನಾನು ಅಣ್ಣ ಎಸೆದ ಕ್ಯಾಸೆಟ್ಟನ್ನು ಕೊಟ್ಟೆ. ಮೊದಲ ಹಾಡು ಮುಗಿಯುವ ಹೊತ್ತಿಗೆ ಜಗಳ ನಿಂತಿತ್ತು. ಇಂಗ್ಲಿಷು ಯಾರ ಮನೆಯದೂ ಅಲ್ಲ, ಹಾಗಾಗಿ ಯಾರೂ ಸೋತಂತೆ ಆಗಲಿಲ್ಲ. ಪದ ತಿಳಿಯದಿದ್ದರೆ ಏನಂತೆ, ತಾಳ ತಿಳಿಯುತ್ತಿತ್ತು. ಜವಳಗಿರಿಯಿಂದ ಬಂದು ಮತ್ತಿಗಿರಿಯ ಚಿಕ್ಕಮ್ಮನ ಮನೆಯಲ್ಲಿದ್ದ ನನ್ನ ಗೆಳತಿ, ಹಾಡಿನ ಪಲ್ಲವಿಗೆ ಮೂರು ಭಾಷೆ ಬೆರೆಸಿ ನಮ್ಮದೇ ಪದ ಕಟ್ಟಿದಳು. ನಮ್ಮ ಸೂಪರ್‌ವೈಸರನ ಹೊಟ್ಟೆ, ಕ್ಯಾಂಟೀನಿನ ಸಾಂಬಾರು, ಬಾತ್‌ರೂಮಿಗೆ ಹೋಗಲು ಕೇಳಬೇಕಾದ ಪರ್ಮಿಷನ್ನು ಎಲ್ಲವೂ ಅದರೊಳಗೆ ಬಂದವು. ಅದನ್ನು ಕೇಳಿದ್ದರೆ ಗಾಯಕನೂ ನಗುತ್ತಿದ್ದ. ಅಷ್ಟು ಸುಖವಾಗಿ ನಾನು ಮತ್ತೆಂದೂ ಯಾವ ಕೆಲಸಕ್ಕೂ ಹೋಗಿಲ್ಲ.

ಆಯುಧಪೂಜೆಯ ದಿನ ಕಾರ್ಖಾನೆಯೊಳಕ್ಕೆ ಮನೆಯವರನ್ನೂ ಬಿಡುತ್ತಿದ್ದರು. ಮೆಷಿನ್ನುಗಳಿಗೆ ಅರಿಶಿನ ಕುಂಕುಮ, ಬಾಳೆಕಂದು, ಬೂದುಗುಂಬಳ. ಪೂಜೆಯಾದ ಮೇಲೆ ಕ್ಯಾಂಟೀನಿನಲ್ಲಿ ಸಣ್ಣ ಕಾರ್ಯಕ್ರಮ. ನಮ್ಮ ಸೆಕ್ಷನ್ನಿನಿಂದ ಡ್ಯಾನ್ಸು ಎಂದು ಹೆಸರು ಕೊಟ್ಟೆವು. ಯಾವ ಭಾಷೆಯ ಹಾಡಿಗೆ ಎಂಬ ಮಾತೇ ಬರಲಿಲ್ಲ. ನನ್ನನ್ನು ಮುಂದೆ ನಿಲ್ಲಿಸಿದರು, ಯಾಕೆಂದರೆ ನನಗೆ ಚೆನ್ನಾಗಿ ಬರುತ್ತಿತ್ತು. ಇದನ್ನು ಹೇಳಿಕೊಳ್ಳಲು ಈ ವಯಸ್ಸಿನಲ್ಲಿ ನನಗೆ ನಾಚಿಕೆಯಿಲ್ಲ. ಲಂಗ ದಾವಣಿಯಲ್ಲೇ ಕುಣಿದೆವು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು, ಮ್ಯಾನೇಜರು ನಮಗೆಲ್ಲ ಸ್ಟೀಲ್ ಡಬ್ಬಿ ಕೊಟ್ಟರು. ಅವ್ವ ಅಕ್ಕಪಕ್ಕದವರಿಗೆಲ್ಲ "ನಮ್ ಮಗ್ಳು ಕಣವ್ವ, ಮುಂದ್ಗಡೆ ಅವ್ಳಲ್ಲ, ಅವ್ಳೇ" ಎಂದು ತೋರಿಸಿದಳಂತೆ. ಅಣ್ಣನೂ ಸ್ನೇಹಿತರನ್ನು ಕರೆದುಕೊಂಡು ಬಂದಿದ್ದ. ಅವರು ಹಿಂದಿನ ಸಾಲಿನಲ್ಲಿ ಒಬ್ಬರನ್ನೊಬ್ಬರು ತಿವಿದುಕೊಂಡು ನಗುತ್ತಿದ್ದದ್ದು ನನಗೆ ಮೇಲಿಂದಲೇ ಕಂಡಿತು. ಅಣ್ಣನ ಮುಖ ಕಪ್ಪಿಟ್ಟಿತ್ತು. ಊಟಕ್ಕೂ ನಿಲ್ಲದೆ ಹೊರಟುಹೋದ.

ಸಂಜೆ ಮನೆಯಲ್ಲಿ ಅಪ್ಪನ ಮುಂದೆ ಅವನು ಹೇಳಿದ್ದು ಇಷ್ಟು: "ಆಫೀಸರ್‌ಗಳ್ ಮುಂದೆ ಸೊಂಟ ಕುಣಿಸ್ತಾ ನಿಂತವ್ಳೆ. ನಾನು ಹೊಸೂರಾಗೆ ತಲೆ ಎತ್ಕೊಂಡು ತಿರುಗಂಗಿಲ್ಲ. ಕೆಲ್ಸ ಸಾಕು, ಬಿಡಿಸ್ಬುಡಿ."

ಅಪ್ಪ ದುಡಿದು ದಣಿದ ಮನುಷ್ಯ, ಡಿಪ್ಲೊಮಾ ಓದಿದ ಮಗನ ಮಾತಿಗೆ ಎದುರಾಡುವವನಲ್ಲ. ಅವ್ವ ಎರಡು ದಿನ ಅಣ್ಣನ ಜೊತೆ ಮಾತು ಬಿಟ್ಟಳು, ಮೂರನೆಯ ದಿನ ಅವನಿಗೆ ಮುದ್ದೆ ಬಡಿಸಿದಳು. ನಾನು ಅತ್ತೆ, ಕಾಲು ಹಿಡಿದೆ, ಇನ್ನು ಮೇಲೆ ಕುಣಿಯುವುದಿಲ್ಲ ಎಂದು ಆಣೆ ಇಟ್ಟೆ. ಬಸ್ಸು ಮನೆಯ ತಿರುವಿನಲ್ಲಿ ಹಾರನ್ ಹೊಡೆದು, ಕಾದು, ಹೋಯಿತು. ಕ್ಯಾಸೆಟ್ಟು ಅದರಲ್ಲೇ ಉಳಿಯಿತು. ಕುಣಿಯಲಾರದವಳು ನೆಲ ಡೊಂಕು ಅನ್ನುತ್ತಾಳಂತೆ. ಕುಣಿಯಬಲ್ಲವಳಿಗೆ ನಮ್ಮ ಮನೆಯಲ್ಲಿ ನೆಲವನ್ನೇ ಕಿತ್ತುಕೊಂಡರು.

ನನ್ನ ಜೊತೆಯವರು ಮುಂದೆ ಪರ್ಮನೆಂಟ್ ಆದರು. ಜವಳಗಿರಿಯ ಗೆಳತಿ ರಿಟೈರಾಗುವ ತನಕ ದುಡಿದು, ಮತ್ತಿಗಿರಿಯಲ್ಲಿ ತನ್ನ ಹೆಸರಿನಲ್ಲೇ ಮನೆ ಕಟ್ಟಿದಳು. ನನ್ನನ್ನು ಸೂಳಗಿರಿಗೆ ಕೊಟ್ಟರು. ಗಂಡ ಒಳ್ಳೆಯವನು, ಆ ದೂರು ನನ್ನಲ್ಲಿಲ್ಲ. ನೀರಿದೆ, ಕೊತ್ತಂಬರಿ ಬೆಳೆಯುತ್ತೇವೆ, ಉಣ್ಣುತ್ತೇವೆ. ಆದರೆ ಮಗಳಿಗೆ ಬಳೆ ಕೊಡಿಸಬೇಕೆಂದರೂ ಇನ್ನೊಬ್ಬರ ಮುಖ ನೋಡಿಯೇ ಇಷ್ಟು ವರ್ಷ ಕಳೆದೆ. ಪ್ರತಿ ಸಲ ಮುಖ ನೋಡುವಾಗಲೂ ಅಣ್ಣನ ನೆನಪು ಬರುತ್ತಿತ್ತು, ಮತ್ತು ಅದು ಒಳ್ಳೆಯ ನೆನಪಾಗಿರಲಿಲ್ಲ.

ಅಣ್ಣನ ಬರಹ ಬಂದ ಮೇಲೆ ನಾನೂ ಆ ಆಲ್ಬಮ್ಮನ್ನು ಮತ್ತೆ ಕೇಳಿದೆ. ಈಗ ಎಲ್ಲವೂ ಫೋನಿನಲ್ಲೇ ಸಿಗುತ್ತದೆ. ಕೊತ್ತಂಬರಿ ಕಟ್ಟು ಕಟ್ಟುತ್ತಾ ಮೊದಲಿಂದ ಕೊನೆಯವರೆಗೆ ಕೇಳಿದೆ. ನಿಜ ಹೇಳಬೇಕೆಂದರೆ ಮೊದಲ ಎರಡು ಹಾಡು ಇವತ್ತಿಗೂ ಕಾಲು ಕುಣಿಸುತ್ತವೆ. ಮೂರನೆಯದು ಎಳೆದಾಟ. ಕೊನೆಯ ಕಡೆಯ ಹಾಡುಗಳು ಜಾಗ ತುಂಬಿಸಲು ಹಾಕಿದಂತಿವೆ, ಡ್ರಮ್ಮು ಖಾಲಿ ಡಬ್ಬ ಬಡಿದಂತೆ ಕೇಳಿಸುತ್ತದೆ. ಅಣ್ಣ ಬರೆದಿದ್ದ: ಈ ಹೊಳಪಿನ ಕೆಳಗೆ ಆಳವಾದ ವಿಷಾದವಿದೆ, ನಗುವ ಮುಖದ ಹಿಂದೆ ಕಲಾವಿದ ವ್ಯಾಪಾರವನ್ನೇ ಅಣಕಿಸುತ್ತಿದ್ದಾನೆ. ನನಗೆ ಎಲ್ಲೂ ವಿಷಾದ ಕಾಣಲಿಲ್ಲ. ಆ ಮನುಷ್ಯ ಖುಷಿಯಾಗಿ ಹಾಡಿದ್ದಾನೆ, ತುಂಬ ಜನ ಕೊಳ್ಳಲಿ ಎಂದೇ ಹಾಡಿದ್ದಾನೆ. ಮಾರಲೆಂದು ಮಾಡಿದ್ದು ಕೀಳು ಎಂದು ಸಂತೆಗೆ ಸೊಪ್ಪು ಕಳಿಸುವ ನಾನು ಹೇಗೆ ಹೇಳಲಿ? ಸೊಪ್ಪು ಬಾಡಿಲ್ಲದಿದ್ದರೆ ಸಾಕು. ಅಣ್ಣನಂಥವರಿಗೆ ಯಾವುದನ್ನಾದರೂ ಇಷ್ಟಪಡಬೇಕಾದರೆ ಮೊದಲು ಅದರೊಳಗೆ ಒಂದು ದುಃಖ ಹುಡುಕಬೇಕು. ನಾವು ಅದನ್ನು ಇದ್ದ ಹಾಗೇ ಇಷ್ಟಪಟ್ಟಿದ್ದೆವು.

ಹೊಸೂರಿನ ಒಂದು ಕಾಫಿ ಅಂಗಡಿಯಲ್ಲಿ ಭಾನುವಾರ ಸಂಜೆ ಹುಡುಗ ಹುಡುಗಿಯರು ಸೇರಿ ಹಳೆಯ ಆಲ್ಬಮ್ ಕೇಳುತ್ತಾರಂತೆ. ಅಳಿಯನೊಬ್ಬ ಕಳಿಸಿದ ಅಣ್ಣನ ಬರಹ ಓದಿ ಅವನನ್ನು ಮಾತಿಗೆ ಕರೆದರು. "ನೀನೂ ಬಾ ಕಣಮ್ಮಿ, ನಿಂಗೂ ಗೊತ್ತಿರೋ ಪಾಟೇ" ಎಂದು ಅವನೇ ಫೋನು ಮಾಡಿದ. ಹೋದೆ. ಯಾಕೆ ಹೋದೆ ಎಂಬುದನ್ನು ಮುಚ್ಚಿಡುವುದಿಲ್ಲ. ಅಷ್ಟು ಜನರೆದುರು ಹಾಡಿನ ವಿಷಯದಲ್ಲಿ ತಪ್ಪು ಮಾಡಿದೆ ಎಂದು ಒಪ್ಪಿಕೊಳ್ಳುವವನು, ಆ ಬಾಯಲ್ಲೇ ನನ್ನ ವಿಷಯದಲ್ಲೂ ತಪ್ಪು ಮಾಡಿದೆ ಎನ್ನಬಹುದು ಎಂದು ಆಸೆಪಟ್ಟೆ. ಒಂದು ಮಾತು ಸಾಕಿತ್ತು ನನಗೆ. ರೇಷ್ಮೆ ಸೀರೆ ಉಟ್ಟುಕೊಂಡು ಹೋಗಿದ್ದೆ, ನನ್ನ ದಡ್ಡತನಕ್ಕೆ ಅದೊಂದು ಕೇಡು.

ಅಣ್ಣ ಚೆನ್ನಾಗಿಯೇ ಮಾತಾಡಿದ. ಜಗತ್ತೆಲ್ಲ ಕಾಲಿನಲ್ಲಿ ಒದ್ದ ಆಲ್ಬಮ್ಮು, ಅದಕ್ಕೆ ನ್ಯಾಯ ಸಿಗಲು ಇಷ್ಟು ಕಾಲ ಬೇಕಾಯಿತು ಎನ್ನುವಾಗ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ನನ್ನ ಮದುವೆಯಲ್ಲೂ ಅವನು ಅತ್ತವನಲ್ಲ. ಕೊನೆಗೆ ಮುಂದೆ ಕೂತಿದ್ದ ಒಬ್ಬ ಹುಡುಗಿ ಕೇಳಿದಳು: "ಆಗ ಹೊಸೂರಲ್ಲಿ ಇದನ್ನ ಬೇರೆ ಯಾರ್ ಕೇಳ್ತಿದ್ರು ಅಂಕಲ್?"

"ಯಾರೂ ಇಲ್ಲಮ್ಮ," ಎಂದ ಅಣ್ಣ. "ಆಗ ಇಲ್ಲಿ ಇದಕ್ಕೆ ಕಿವಿಯೇ ಇರಲಿಲ್ಲ."

ನಾನು ಅವನಿಂದ ನಾಲ್ಕು ಮಾರು ದೂರದಲ್ಲಿ ಕೂತಿದ್ದೆ. ಅಷ್ಟು ಜನರ ನಡುವೆ ಅಣ್ಣನ ಮರ್ಯಾದೆ ಕಳೆಯಲು ನನಗೆ ಮನಸ್ಸಾಗಲಿಲ್ಲ, ಅವನಿಗಿಲ್ಲದ ಈ ದಾಕ್ಷಿಣ್ಯ ನನಗೆಲ್ಲಿಂದ ಬಂತೋ. ಹೊರಗೆ ಬಂದು, ಅವನು ಕಾರಿನ ಬಾಗಿಲು ತೆಗೆಯುವಾಗ ಹಿಡಿದು ನಿಲ್ಲಿಸಿದೆ.

"ಯಾರೂ ಕೇಳ್ತಿರ್ಲಿಲ್ವಾ ಅಣ್ಣಾ? ಒಂದು ಬಸ್ ತುಂಬ ಕೇಳ್ತಿದ್ವಲ್ಲ ನಾವು."

"ನೀವು ಕೇಳಿದ್ದು ಬೇರೆ ಕಣಮ್ಮಿ. ಅರ್ಥ ಆಗಿ ಕೇಳಿದ್ರಾ? ಸುಮ್ನೆ ಖುಷಿಗೆ ಕುಣೀತಿದ್ರಿ."

"ಸುಮ್ನೆ ಕುಣ್ದೋಳ್ನ ಕೆಲ್ಸ ಯಾಕ್ ಬಿಡಿಸ್ದೆ ಮತ್ತೆ? ಇವತ್ತಾದ್ರೂ ಹೇಳು."

ಅವನು ನನ್ನನ್ನು ನೋಡಿದ. ಸಿಟ್ಟಾಗಲಿಲ್ಲ, ತಡವರಿಸಲೂ ಇಲ್ಲ. ಹಳೆಯ ತಮಾಷೆ ನೆನಪಾದವನಂತೆ ನಕ್ಕ.

"ಆಗ ಎಲ್ರೂ ಅದನ್ನ ಚೆನ್ನಾಗಿಲ್ಲ ಅಂತಿದ್ರು ಕಣಮ್ಮಿ. ಆವತ್ತು ನನ್ ಜೊತೆಗಾರ್ರು ಎಂಗ್ ಆಡ್ಕೊಂಡ್ರು ಗೊತ್ತಾ? ನಾವು ಬೈತಾ ಕೂತಿದ್ರೆ ನಿಮ್ಮನೇಲೇ ಆ ಮಾರ್ಕೊಂಡೋನ ಪಾಟಿಗೆ ಕುಣೀತಾವ್ರಲ್ಲೋ ಅಂತ. ತಿಂಗ್ಳುಗಟ್ಲೆ ಬಿಡ್ಲಿಲ್ಲ. ನಂಗೂ ಆಗ ತಿಳೀಲಿಲ್ಲ ನೋಡು, ಎಂಥಾ ಆಲ್ಬಮ್ಮು ಅದು!"

ನಾನು ಕೇಳಿದ್ದು ನನ್ನ ಕೆಲಸದ ವಿಷಯ, ಅವನು ಹೇಳಿದ್ದು ಆಲ್ಬಮ್ಮಿನ ವಿಷಯ. ವ್ಯತ್ಯಾಸ ಅವನಿಗೆ ತಿಳಿಯಲೂ ಇಲ್ಲ. ಕಾರು ಹತ್ತಿ, "ಬಸ್‌ಸ್ಟ್ಯಾಂಡ್‌ಗೆ ಬಿಡ್ತೀನಿ ಬಾ" ಎಂದು ಕರೆದ. ನಡೆದೇ ಹೋಗುತ್ತೇನೆ ಎಂದೆ.

ಇಷ್ಟು ವರ್ಷ ನಾನು ಅಂದುಕೊಂಡಿದ್ದೇ ಬೇರೆ. ಹೆಣ್ಣುಮಗಳು ನಾಲ್ಕು ಜನರೆದುರು ಕುಣಿದಳು, ಮನೆಯ ಮಾನ ಹೋಯಿತು, ಆ ಕಾಲವೇ ಹಾಗಿತ್ತು ಎಂದು ಸಮಾಧಾನ ಮಾಡಿಕೊಂಡಿದ್ದೆ. ಮಾನದ ಮಾತು ಅಪ್ಪನಿಗೆ ಹೇಳಲು ಮಾತ್ರ ಇತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಎಲ್ಲೋ ಸಮುದ್ರದಾಚೆ ಒಬ್ಬ ಗಾಯಕ ಕೋಟು ಬದಲಾಯಿಸಿದ, ಅದಕ್ಕೆ ಅವನನ್ನು ಬೈದವರು ನನ್ನನ್ನು ಮನೆಯಲ್ಲಿ ಕೂರಿಸಿದರು. ಆ ವರ್ಷವೇ ಅಣ್ಣನಿಗೆ ಆ ಹಾಡುಗಳು ಹಿಡಿಸಿದ್ದರೆ, ಆಯುಧಪೂಜೆಯ ರಜೆ ಮುಗಿದ ಮಾರನೆಯ ದಿನ ನಾನು ಎಂದಿನಂತೆ ಕೆಲಸಕ್ಕೆ ಹೋಗುತ್ತಿದ್ದೆ.