ಮೊಣಕೈ ಅಕ್ಕನ ಬಿಸಿನೀರು

ಬೆಳಕು ಹರಿಯುವ ಹೊತ್ತಿಗೆ ಬಚ್ಚಲ ತುಂಬ ಹಬೆ. ಅಕ್ಕ ಬಕೆಟ್ಟಿಗೆ ಬಿಸಿನೀರು ಸುರಿದು, ತಣ್ಣೀರು ಬೆರೆಸಿ, ತೋಳು ಮಡಚಿ ಮೊಣಕೈ ಅದ್ದಿ ನೋಡುತ್ತಾರೆ. "ಬಾರಪ್ಪ ಮದುಮಗನೇ, ಹದವಾಗಿದೆ!" ಮದುಮಗ ಎಂದರೆ ಎಪ್ಪತ್ತು ದಾಟಿದ ಅಜ್ಜ. ಊರುಗೋಲು ಕುಟ್ಟುತ್ತಾ, ನಗುತ್ತಾ ಬರುತ್ತಾರೆ.

ಇದು ಚರ್ಚಿನ ಸೇವಾಸಂಸ್ಥೆ ನಡೆಸುವ ಆರೈಕೆ ಮನೆ. ಇಲ್ಲಿರುವವರ ಕುಷ್ಠರೋಗ ಎಂದೋ ವಾಸಿಯಾಗಿದೆ, ಅಂಟುವ ಭಯವಿಲ್ಲ. ಆದರೆ ಕೈಕಾಲಿಗೆ ಸ್ಪರ್ಶ ಮರಳಿಲ್ಲ. ಬೆಂಕಿ ತಾಗಿದರೂ ಗೊತ್ತಾಗುವುದಿಲ್ಲ. ದಿನಾ ಇಪ್ಪತ್ತು ಮಂದಿಗೆ ಸ್ನಾನ ಮಾಡಿಸುವುದು ಅಕ್ಕನ ಕೆಲಸ. ನೋಡಲು ಬಂದ ನನಗೆ ಅವರು ಹೇಳುತ್ತಾರೆ:

"ಸೇರಿದ ಹೊಸದರಲ್ಲಿ, ನೀರು ಬಿಸಿ ಇದೆಯಾ ಅಂತ ಇದೇ ಅಜ್ಜನ್ನ ಕೇಳ್ದೆ. ಸರಿಯಾಗಿದೆ ತಾಯಿ ಅಂದ್ರು. ನಂಗೆ ಬೇಜಾರಾಗ್ಬಾರ್ದು ಅಂತ ಹಾಗಂದ್ರು ಅನ್ನೋದು ನಂಗೇನು ಗೊತ್ತು? ಒರೆಸೋವಾಗ ಪಾದದ ಚರ್ಮ ಟವೆಲ್ ಜೊತೆಗೇ ಬಂತು. ಅಜ್ಜ ಆಗ್ಲೂ ತಮಾಷೆ ಮಾಡ್ತಾನೇ ಇದ್ರು."

ಆ ಸುಟ್ಟ ಗಾಯ ಹುಣ್ಣಾಗಿ ಅಜ್ಜನ ಎರಡು ಕಾಲ್ಬೆರಳು ಹೋದವು. ಅಂದಿನಿಂದ ಅಕ್ಕ ಯಾರನ್ನೂ ಕೇಳಿಲ್ಲ, ಮೊಣಕೈಯನ್ನೇ ನಂಬಿದ್ದಾರೆ. 'ಮೊಣಕೈ ಅಕ್ಕ' ಎಂಬ ಹೆಸರೂ ಹಾಗೇ ಅಂಟಿಕೊಂಡಿದೆ.

ಅಕ್ಕನ ತಾಯಿಗೂ ಇದೇ ರೋಗವಿತ್ತು. ಬೀದಿ ನಲ್ಲಿಯ ಹತ್ತಿರ ಬಂದರೆಂದು ನೆರೆಯವರು ಅವರ ಕೊಡ ಎತ್ತಿ ಎಸೆದಿದ್ದರಂತೆ. ಇಬ್ಬರನ್ನೂ ಕರೆತಂದು ಮದ್ದು, ಸೂರು, ಮಗಳಿಗೆ ಕೆಲಸ ಕೊಟ್ಟವರು ಇಲ್ಲಿನ ಸಿಸ್ಟರ್‌ಗಳು. "ರೋಗ ವಾಸಿ ಮಾಡ್ಬಹುದು, ಮನೆ ಸೇರಿಸೋದೇ ಕಷ್ಟ," ಎನ್ನುತ್ತಾರೆ ಹಿರಿಯ ಸಿಸ್ಟರ್.

ಅಜ್ಜನ ಪಾಲಿಗೆ ಮನೆ ಸೇರುವ ದಿನ ಇವತ್ತು ಬಂದಿದೆ. ಕರೆದೊಯ್ಯಲು ಬಂದ ಅವರ ಮಗಳು ಮಾತ್ರ ಬಚ್ಚಲ ಬಾಗಿಲಾಚೆಯೇ ನಿಂತಿದ್ದಾಳೆ.

"ಅಪ್ಪಂಗೆ ಹಿತ್ತಲಲ್ಲಿ ರೂಮು ಮಾಡಿದ್ದೀವಿ. ಬಿಸಿನೀರು ಹೊರಗಿಡ್ತೀವಿ, ಅವ್ರೇ ಹುಯ್ಕೋತಾರೆ."

ಹೆತ್ತ ಮಗಳ ಬಾಯಲ್ಲಿ ಬರುವ ಮಾತೇ ಇದು! ಅಜ್ಜ ಕೇಳಿಸದವರಂತೆ ಅಂಗಿಯ ಗುಂಡಿ ತಡಕುತ್ತಾರೆ.

ಅಕ್ಕ ಬೈಯುವುದಿಲ್ಲ. ಹಂಡೆಯಿಂದ ನೀರು ತೋಡಿ ಬಕೆಟ್ಟನ್ನು ಮಗಳ ಮುಂದಿಡುತ್ತಾರೆ. "ಅಪ್ಪನ್ನ ಮುಟ್ಟೋಕೆ ಭಯ ಆದ್ರೆ ಬಿಡಮ್ಮ. ನೀರನ್ನಾದ್ರೂ ಮುಟ್ಟು. ಇಷ್ಟೇ ನಾ ಕೇಳೋದು."

ಅಕ್ಕ ತೋರಿಸಿದಂತೆ ಮಗಳು ಮೊಣಕೈ ತಾಗಿಸಿ ಸರಕ್ಕನೆ ಎಳೆದುಕೊಳ್ಳುತ್ತಾಳೆ. "ಅಯ್ಯೋ, ಸುಡ್ತಿದೆ!"

"ಇರ್ಲಿ ಮಗಳೇ," ಒಳಗಿಂದ ಅಜ್ಜ ಅನ್ನುತ್ತಾರೆ, "ನಂಗೆ ಸರಿಯಾಗಿರುತ್ತೆ."

ಮಗಳು ಕಣ್ಣೊರೆಸಿಕೊಂಡು ಹೊಸ್ತಿಲು ದಾಟುತ್ತಾಳೆ.

"ಅಕ್ಕಾ, ತಣ್ಣೀರು ಎಲ್ಲಿದೆ?"